ಗುಂಡಿಕಾಳು ಮತ್ತು ಅಮ್ಮನ ಶುಗರ್

ಫೆಬ್ರವರಿ 6. ಬೆಳಿಗ್ಗೆ 5.40

ಕಾಳು ನೆನೆಸಿದ ನಾಲ್ಕನೇ ನೀರು ಚೆಲ್ಲಿದೆ. ಒಂದು ಕಾಳು ಕಚ್ಚಿ ನೋಡಿದೆ. ಇನ್ನೂ ಕಹಿ. ಉಗಿದೆ. ಇನ್ನೊಂದು ದಿನ ನೆನೆಯಲಿ. ಕಹಿ ಪೂರ್ತಿ ಬಿಡುವವರೆಗೆ ತಿನ್ನಬಾರದು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ್ದಾನೆ.

ಲುಪಿನ್ ಕಾಳು. ಚಪ್ಪಟೆ, ಹಳದಿ, ಥೇಟ್ ಶರ್ಟಿನ ಗುಂಡಿ. ಅಮ್ಮ ಇಟ್ಟ ಹೆಸರು ಗುಂಡಿಕಾಳು. ಅನ್ನ, ಬ್ರೆಡ್ ಬಿಡಿಸಿ ಎಂದರು ಡಾಕ್ಟರು. ಇದರಲ್ಲಿ ಹಿಟ್ಟಿನಂಶ ತೀರಾ ಕಡಿಮೆ, ಪ್ರೋಟೀನ್ ಧಾರಾಳ. ಅನ್ನದ ಬದಲು ಇದರ ನುಚ್ಚು, ಬ್ರೆಡ್ ಬದಲು ಇದರ ಹಿಟ್ಟಿನ ರೊಟ್ಟಿ — ಅಮ್ಮನಿಗೆ ಮಾತ್ರ. ಅಪ್ಪನಿಗೆ ಮಾಮೂಲಿ ಬ್ರೆಡ್. ಈಗ ಅಮ್ಮನ ಪಾಲಿನದೂ ಅವರಿಗೇ.

ಇವತ್ತಿನ ಶುಗರ್ 108. ಅಪ್ಪ ಕ್ಯಾಲೆಂಡರಿನಲ್ಲಿ ಬರೆದರು. ಬೆರಳು ಚುಚ್ಚುವಾಗ ನಾನು ರೂಮಿನಲ್ಲಿ ಇರುವಂತಿಲ್ಲ. “ನೀನು ನಿಂತ್ರೆ ನಂಗೆ ಕೈ ನಡುಗುತ್ತೆ” ಎನ್ನುತ್ತಾಳೆ ಅಮ್ಮ. ಬಾಗಿಲು ಮುಚ್ಚಿ, ಅಪ್ಪನೇ ಚುಚ್ಚಿ, ಅಪ್ಪನೇ ಹೇಳುವುದು.

ಮೂರು ವಾರದ ಹಿಂದೆ, ಕಾಲಿನ ಗಾಯಕ್ಕೆಂದು ಅಮ್ಮ ಆಸ್ಪತ್ರೆಯಲ್ಲಿದ್ದಾಗ, 240 ಇತ್ತು. ಇಷ್ಟು ಬೇಗ 108?

ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡುತ್ತ ಹದಿನೆಂಟು ವರ್ಷವಾಯಿತು. ಕೇಳುವ ಮೊದಲೇ ಟಿಕೆಟ್ ಚಾಚುವವರನ್ನು ಎರಡು ಸಲ ನೋಡುತ್ತೇನೆ.

ಫೆಬ್ರವರಿ 9

ರೊಟ್ಟಿ ಹೆಂಚಿನ ಮೇಲೆಯೇ ಮುರಿಯಿತು. ಈ ಹಿಟ್ಟಿಗೆ ಅಂಟೇ ಇಲ್ಲ. ಮೊಟ್ಟೆ ಹಾಕಿದ ಮೇಲೆ ಮಾತು ಕೇಳಿತು. ಅಮ್ಮ “ಚೆನ್ನಾಗಿದೆ ಕಣೇ” ಎಂದಳು. ಇನ್ನೂ ಬಾಯಿಗೇ ಇಟ್ಟಿರಲಿಲ್ಲ!

ಶುಗರ್ 111. ಆದರೂ ಅವಳ ಕಾಲಿನ ಗಾಯ ಒಣಗಿಲ್ಲ. ಅಮ್ಮ ಸ್ನಾನಕ್ಕೆ ಹೋದಾಗ ಶುಗರ್ ಮೆಷಿನ್ನಿನ ಮೆಮೊರಿ ತೆಗೆದು ನೋಡಿದೆ. ಕ್ಯಾಲೆಂಡರಿಗೂ ಅದಕ್ಕೂ ಒಂದಂಕಿ ವ್ಯತ್ಯಾಸವಿಲ್ಲ.

ನಂಬಬೇಕು. ನಂಬಿಕೆ ಬರುತ್ತಿಲ್ಲ.

ಮಾರ್ಚ್ 2

142.

ಮಾರ್ಚ್ 8

175. ವಿಚಿತ್ರವೆಂದರೆ ಕಾಲಿನ ಗಾಯ ಪೂರ್ತಿ ಮಾಗಿದೆ. ಶುಗರ್ ಚೆನ್ನಾಗಿದ್ದಾಗ ಒಣಗದ ಗಾಯ, ಏರಿದಾಗ ಒಣಗುತ್ತದೆಯೆ?

ಕದ್ದು ತಿನ್ನುತ್ತಿದ್ದಾಳೆ. ಇನ್ನೇನು ಮತ್ತೆ.

ಮಾರ್ಚ್ 11. ಮಧ್ಯಾಹ್ನ 1.20

ಡ್ಯೂಟಿ ಮಧ್ಯೆ ಮನೆಗೆ ಬಂದೆ. ಶೂ ಕೈಯಲ್ಲಿ ಹಿಡಿದು, ಸದ್ದಿಲ್ಲದೆ. ಅಮ್ಮ ಮೇಜಿನ ಮುಂದೆ, ತಟ್ಟೆಯಲ್ಲಿ ಗುಂಡಿಕಾಳು, ಮೇಲೆ ನಿಂಬೆರಸ, ಮೆಣಸಿನ ಪುಡಿ. ಒಂದೊಂದಾಗಿ ಸಿಪ್ಪೆ ಹಿಸುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ಏನೇ, ರೇಡಾ?”

ಲೋಟ ಮೂಸಿದೆ. ಡಬ್ಬಿಗಳ ಮುಚ್ಚಳ ತೆಗೆದೆ. ಏನೂ ಸಿಗಲಿಲ್ಲ. ಅಪ್ಪ ನೀರಿನ ಬಾಟಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ.

ಮಾರ್ಚ್ 17

ಒಂದು ವಾರಕ್ಕೆಂದು ಮಾಡಿಟ್ಟ ಕಾಳು ಮೂರೇ ದಿನಕ್ಕೆ ಖಾಲಿ. ಅವಳೊಬ್ಬಳೇ ತಿಂದಳೆಂದರೆ ನಂಬುವುದು ಹೇಗೆ? ಚೆಲ್ಲುತ್ತಿದ್ದಾಳೆ. ಕಸದ ಬುಟ್ಟಿ ಕೆದಕಿದೆ. ಸಿಂಕಿನ ಜಾಲರಿ, ಹೂಕುಂಡಗಳ ಹಿಂದೆ… ಚೆಲ್ಲಿದ ಒಂದು ಕಾಳೂ ಇಲ್ಲ.

ಮಾರ್ಚ್ 19. ಬೆಳಿಗ್ಗೆ

214.

ತಡೆಯಲಾಗಲಿಲ್ಲ. “ಎಲ್ಲಿ ತಿಂತಿದ್ದೀಯಮ್ಮ? ಏನ್ ತಿಂತಿದ್ದೀಯ? ಐದೈದು ದಿನ ನೀರು ಬದಲಾಯಿಸಿ ಸಾಯ್ತಿರೋದು ಯಾರಿಗೋಸ್ಕರ? ಕಾಲು ಕಳ್ಕೋಬೇಕಾ?” ಎಂದು ಕೂಗಾಡಿದೆ.

“ನಾನೇನೂ ತಿಂದಿಲ್ಲ ಕಣೇ.”

“ಮೆಷಿನ್ ಸುಳ್ಳು ಹೇಳುತ್ತಾ?”

ಅಮ್ಮ ಅತ್ತಳು. ನನ್ನನ್ನು ನೋಡಿಕೊಂಡಲ್ಲ — ಅಪ್ಪನ ಮುಖ ನೋಡಿಕೊಂಡು. ಅಪ್ಪ ಎದ್ದು ಹೊರಗೆ ಹೋದರು.

ಇಬ್ಬರೂ ಸೇರಿದ್ದಾರೆ.

ಮಾರ್ಚ್ 23. ಬೆಳಿಗ್ಗೆ 9

ಇವತ್ತು ಅಮ್ಮನ ಕಾಳಿಗೆ ಅಪ್ಪ ನಿಂಬೆಹಣ್ಣು ಹಿಂಡುತ್ತಿದ್ದರು. “ಸ್ಸ್…” ಎಂದು ಕೈ ಕೊಡವಿದರು. ಹಿಡಿದು ನೋಡಿದೆ. ಎಡಗೈಯ ಐದೂ ಬೆರಳ ತುದಿಯಲ್ಲಿ ಕಪ್ಪು ಚುಕ್ಕೆಗಳು, ಇರುವೆ ಸಾಲಿನ ಹಾಗೆ.

ಅಮ್ಮನ ಕೈ ಎಳೆದು ನೋಡಿದೆ. ಒಂದೇ ಒಂದು ಗುರುತಿಲ್ಲ.

“ಇಷ್ಟು ದಿನ ಬರೆದಿದ್ದು ಯಾರ ಶುಗರು?”

“ಆಸ್ಪತ್ರೇಲಿ ಚುಚ್ಚಿ ಚುಚ್ಚಿ ಸೂಜಿ ಕಂಡ್ರೇ ಜೀವ ಹೋಗೋ ಹಾಗಾಗಿತ್ತು ಇವಳಿಗೆ,” ಎಂದರು ಅಪ್ಪ. “ಮಾತ್ರೆ ತಗೋತಾಳೆ, ಪಥ್ಯ ಮಾಡ್ತಾಳೆ, ಬೆರಳೊಂದು ನಂದಿರಲಿ ಅಂದ್ಕೊಂಡೆ.”

“ಏರ್ತಾ ಹೋದಾಗ ಹೇಳ್ಬಾರ್ದಿತ್ತಾ?”

“ಹೇಳೋಣ ಅಂದೆ, ಇವರು ಬಿಡ್ಲಿಲ್ಲ,” ಎಂದಳು ಅಮ್ಮ. “ಅದಕ್ಕೇ ನನ್ನ ಕಾಳು ಇವರಿಗೂ ತಿನ್ನಿಸ್ತಿದ್ದೆ. ಇಳಿಯುತ್ತೇನೋ ಅಂತ ಕಾದೆ.”

“ನಾನು ಬೈದಾಗ್ಲೂ ಬಾಯಿ ಬಿಡ್ಲಿಲ್ವಲ್ಲಮ್ಮ.”

“ನಿನ್ನ ಮುಖ ನೋಡಿದ್ರೆ ಟಿಕೆಟ್ ಇಲ್ದೆ ಬಸ್ ಹತ್ತಿದ ಹಾಗಾಗುತ್ತೆ ಕಣೇ.”

ಕಸದ ಬುಟ್ಟಿ ಕೆದಕಿದವಳು ಎದುರು ಕೂತ ಅಪ್ಪನನ್ನು ನೋಡಲಿಲ್ಲ. ಪ್ಯಾಂಟು ಸಡಿಲವಾಗಿದೆ, ಕೆನ್ನೆ ಇಳಿದಿದೆ. ಬಾಟಲಿಗಟ್ಟಲೆ ನೀರು ಕುಡಿಯುತ್ತಾರೆ. ಎಲ್ಲಾ ಕಣ್ಣೆದುರೇ ಇತ್ತು. ಇಬ್ಬರ ಪಾಲಿನ ಬ್ರೆಡ್ ದಿನಾ ಅವರ ತಟ್ಟೆಗೆ ಹಾಕಿದವಳು ನಾನೇ.

ಮಾರ್ಚ್ 25

ಲ್ಯಾಬಿನಲ್ಲಿ ಇಬ್ಬರಿಗೂ ನನ್ನ ಕಣ್ಣೆದುರೇ ರಕ್ತ ತೆಗೆಸಿದೆ. ಅಮ್ಮ ಕಣ್ಣು ಮುಚ್ಚಿ ಅಪ್ಪನ ತೋಳು ಹಿಡಿದಿದ್ದಳು. ಖಾಲಿ ಹೊಟ್ಟೆಯದು ಅಮ್ಮನಿಗೆ 131. ಅಪ್ಪನಿಗೆ 226.

ಅಮ್ಮ ಒಂದು ದಿನವೂ ಪಥ್ಯ ತಪ್ಪಿರಲಿಲ್ಲ.

ಅಪ್ಪನಿಗೂ ಮಾತ್ರೆ ಶುರು. “ಕಣ್ಣು, ಕಿಡ್ನಿ ಸದ್ಯ ಚೆನ್ನಾಗಿವೆ. ಸರಿಯಾದ ಹೊತ್ತಿಗೆ ಬಂದ್ರಿ” ಎಂದರು ಡಾಕ್ಟರು. ಹೊತ್ತಿಗೆ ಬಂದದ್ದು ಹೇಗೆಂದು ಮೂವರೂ ಬಾಯಿ ಬಿಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತೆ. “ತಪ್ಪಾಯ್ತಮ್ಮ” ಎಂದೆ. ಅವಳು ಕಿಟಕಿಯ ಕಡೆಗೇ ನೋಡುತ್ತ ನನ್ನ ಮಂಡಿ ತಟ್ಟಿದಳು.

ಮಾರ್ಚ್ 29. ಬೆಳಿಗ್ಗೆ 6.30

ದೊಡ್ಡ ಪಾತ್ರೆಯಲ್ಲಿ ನೆನೆಸಿದ್ದೇನೆ, ಇಬ್ಬರಿಗೂ ಆಗುವಷ್ಟು. ಅಪ್ಪ ರೊಟ್ಟಿ ಅಗಿದು, “ರಟ್ಟು ಬೇಯಿಸಿದ ಹಾಗಿದೆ” ಎಂದರು. ಸದ್ಯ, ಈ ಮನೆಯಲ್ಲಿ ಒಬ್ಬರಾದರೂ ನಿಜ ಹೇಳಿದರು.

ರೂಮಿನ ಬಾಗಿಲು ಈಗ ತೆರೆದೇ ಇರುತ್ತದೆ. ಮೊದಲು ಅಪ್ಪ. ಆಮೇಲೆ ಅಮ್ಮ — ಹಲ್ಲು ಕಚ್ಚಿ, ಬೆರಳು ಚಾಚಿ. ಆದ ಮೇಲೂ ಹೊಸ ಸೂಜಿ, ಹೊಸ ಸ್ಟ್ರಿಪ್ ತೆಗೆದಳು.

“ಇದು ಯಾರಿಗೆ?”

“ಅಪ್ಪಂಗೂ ಇದೆ, ಅಮ್ಮಂಗೂ ಇದೆ. ನಿಂಗೆ ನಲವತ್ತಾರು. ಯಾವತ್ತು ನೋಡಿಸ್ಕೊಂಡಿದ್ದೆ?”

“ಹೋದ ವರ್ಷ… ಆಫೀಸಲ್ಲಿ.”

“ಎಲ್ಲಿ, ರಿಪೋರ್ಟ್ ತೋರಿಸು.”

“ಡ್ಯೂಟಿಗೆ ಹೊತ್ತಾಯ್ತಮ್ಮ.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಎರಡು ಸಲ. ಕೈ ಹಿಡಿದು ಚುಚ್ಚಿದಳು. ಮೆಷಿನ್ ಐದು ಸೆಕೆಂಡು ತೆಗೆದುಕೊಂಡಿತು. ಅಪ್ಪ ಕನ್ನಡಕ ಏರಿಸಿ, ಬಗ್ಗಿ, ಗಟ್ಟಿಯಾಗಿ ಓದಿದರು, “ನೂರಾ ಅರವತ್ತೆರಡು.”