ನಾನು ಒತ್ತದ ಬ್ರೇಕ್

ಓಷರ್ಸ್‌ಲೇಬೆನ್
ಸೋಮವಾರ, 13 ಅಕ್ಟೋಬರ್ 2014

ಪ್ರೀತಿಯ ಡೀಟ್ಮಾರ್,

ನನ್ನ ಕೈಬರಹ ಕಂಡೊಡನೆ ಲಕೋಟೆಯನ್ನು ಒಲೆಗೆ ಹಾಕಬೇಡ. ಹನ್ನೊಂದು ವರ್ಷ ಮಾತಿಲ್ಲದೆ ಕಳೆದಿದ್ದೇವೆ. ಎರಡು ಹಾಳೆ ಓದುವಷ್ಟು ಹೊತ್ತು ನನ್ನನ್ನು ಸಹಿಸಿಕೊ.

ನಿನ್ನೆ ನನ್ನ ಕೊನೆಯ ರೇಸ್ ಮುಗಿಯಿತು. ನನಗೀಗ ಐವತ್ತೊಂದು. ಟೂರಿಂಗ್ ಕಾರುಗಳಲ್ಲೇ ಇಪ್ಪತ್ತೇಳು ವರ್ಷ ಕಳೆದೆ. ಆದರೂ ಮೊದಲು ನೆನಪಾಗುವುದು ಗೆದ್ದ ರೇಸುಗಳಲ್ಲ. ಆಡೆನೌದಲ್ಲಿ ನಿನ್ನ ಅಪ್ಪನ ಶೆಡ್ಡಿನಲ್ಲಿ ನಾವಿಬ್ಬರೂ ಬಿಚ್ಚಿ ಜೋಡಿಸಿದ ಆ ಕೆಂಪು ಕಾರು. ಇಬ್ಬರಿಗೂ ಒಂದೇ ಕಾರು, ಒಂದೇ ಹೆಲ್ಮೆಟ್. ಒಂದು ಭಾನುವಾರ ನೀನು, ಮುಂದಿನ ಭಾನುವಾರ ನಾನು. ಹೆಲ್ಮೆಟ್ ನನಗೆ ಸಡಿಲ, ಒಳಗೆ ಉಣ್ಣೆಯ ಟೋಪಿ ತುರುಕಿಕೊಳ್ಳುತ್ತಿದ್ದೆ. "ನಿನ್ನ ತಲೇಲಿ ಏನೂ ಇಲ್ಲ ಕಣೋ, ಅದಕ್ಕೇ ಜಾಗ ಉಳಿಯುತ್ತೆ" ಎಂದು ನೀನು ರೇಗಿಸುತ್ತಿದ್ದೆ.

ಆಮೇಲೆ ದೊಡ್ಡ ತಂಡಗಳು ಕರೆದವು, ಇಬ್ಬರೂ ಬೇರೆ ಬೇರೆ ಕಾರು ಹತ್ತಿದೆವು. 2003ರ ಕೊನೆಯ ರೇಸ್, ಹೊಕೆನ್‌ಹೈಮ್‌ನಲ್ಲಿ. ನೀನು ಮುಂದೆ, ನಾನು ಹಿಂದೆ. ಹಾಗೇ ಮುಗಿದಿದ್ದರೆ ಚಾಂಪಿಯನ್ ನೀನು. ಇಬ್ಬರೂ ಮುಗಿಸದಿದ್ದರೆ ಅಂಕಗಳ ಮೇಲೆ ನಾನು. ಕೊನೆಯ ಸುತ್ತಿನ ತಿರುವಿನಲ್ಲಿ ನನ್ನ ಕಾರು ನಿನ್ನ ಕಾರಿಗೆ ಗುದ್ದಿತು. ಇಬ್ಬರ ಕಾರೂ ಅಲ್ಲೇ ನಿಂತವು, ಚಾಂಪಿಯನ್ ಪಟ್ಟ ನನಗೆ ಬಂತು. ನಿನ್ನ ಸೊಂಟದ ಮೂಳೆ ಮುರಿಯಿತು. ನೀನು ಮತ್ತೆ ರೇಸ್ ಕಾರು ಹತ್ತಲಿಲ್ಲ. ಬ್ರೇಕ್ ಕೈಕೊಟ್ಟಿತು ಎಂದು ತೀರ್ಪುಗಾರರಿಗೆ ಹೇಳಿದೆ. ಆಸ್ಪತ್ರೆಯಲ್ಲಿ ನಿನಗೂ ಅದನ್ನೇ ಹೇಳಿದೆ. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ.

ಬ್ರೇಕ್ ಸರಿಯಾಗಿಯೇ ಇತ್ತು, ಡೀಟ್ಮಾರ್. ನಾನು ಒತ್ತಲಿಲ್ಲ. ನಿನಗೆ ಪೆಟ್ಟಾಗಲಿ ಎಂದಲ್ಲ, ಟ್ರ್ಯಾಕಿನಿಂದ ಹೊರಗೆ ಹೋಗಲಿ ಎಂದು. ಇವೆರಡೂ ಬೇರೆ ಬೇರೆ ಎಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ನಿನ್ನೆ ಕೊನೆಯ ಸುತ್ತಿನಲ್ಲಿ ನಾನು ಮುಂದಿದ್ದೆ. ಕನ್ನಡಿಯಲ್ಲಿ ನಿನ್ನ ಮಗಳು ಗೆಸೀನ. ಅವಳು ಬ್ರೇಕ್ ಹಾಕುವುದು ಥೇಟ್ ನಿನ್ನ ಹಾಗೇ, ಇನ್ನು ಕಾರು ನಿಲ್ಲದು ಎನ್ನಿಸುವಷ್ಟು ತಡವಾಗಿ. ತಿರುವಿನ ಒಳಬದಿಗೆ ನುಗ್ಗಿದಳು. ನಾನು ಸ್ಟೀರಿಂಗನ್ನು ಒಂದು ಬೆರಳಷ್ಟು ತಿರುಗಿಸಿದ್ದರೆ ಅವಳು ಹೊರಗೆ. ಆ ಹಳೆಯ ಆಸೆ ಕೈಗೆ ಬಂದದ್ದು ನಿಜ. ತಿರುಗಿಸಲಿಲ್ಲ. ಒಂದು ಕಾರಿನಗಲ ಜಾಗ ಬಿಟ್ಟು, ಪಕ್ಕದಲ್ಲೇ ಕೊನೆಯವರೆಗೂ ಸೆಣಸಿ, ಅರ್ಧ ಕಾರಿನಷ್ಟು ಹಿಂದೆ ಬಿದ್ದು ಸೋತೆ. ಇಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿರಲಿಲ್ಲ.

ಆಮೇಲೆ ಅವಳು ಸುಟ್ಟ ಸಾಸೇಜಿನ ತಟ್ಟೆ ಹಿಡಿದು ನಮ್ಮ ಗ್ಯಾರೇಜಿಗೆ ಬಂದಳು. "ಫೋಲ್ಕರ್ ಮಾಮ, ಮುದುಕರಾದ್ರೂ ಜಗ್ಗಲ್ವಲ್ಲ ನೀವು! ತಗೊಳ್ಳಿ, ಸೋತೋರಿಗೆ ನನ್ನ ಕಡೆಯಿಂದ ಊಟ," ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತಟ್ಟೆ ಕೆಳಗಿಟ್ಟಳು.

"ನನಗ್ಯಾಕೆ ಹೇಳ್ತೀರಿ? ಅಪ್ಪಂಗೆ ಹೇಳಿ. ಫೋನ್ ಬೇಡ, ಅರ್ಧಕ್ಕೇ ಇಟ್ಟುಬಿಡ್ತಾರೆ. ಬರೆದುಕೊಡಿ, ನಾನೇ ತಗೊಂಡು ಹೋಗ್ತೀನಿ," ಎಂದಳು.

ಇಂದು ಬೆಳಿಗ್ಗೆ ರೇಸ್ ಸಂಘಕ್ಕೂ ಇದನ್ನೇ ಬರೆದು ಕಳಿಸಿದ್ದೇನೆ. ಆ ವರ್ಷದ ಚಾಂಪಿಯನ್ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಲಿ. ನಿನ್ನ ಕ್ಷಮೆ ಕೇಳುತ್ತೇನೆ. ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ನಿನ್ನ
ಫೋಲ್ಕರ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಗೆಸೀನಳಿಗೆ ಓದಲು ಕೊಟ್ಟೆ. "ಅಪ್ಪಂಗೆ ಇದು ಆಸ್ಪತ್ರೇಲೇ ಗೊತ್ತಾಗಿತ್ತು ಮಾಮ. ಸುಳ್ಳು ಹೇಳುವಾಗ ನಿಮ್ಮ ಕಿವಿ ಕೆಂಪಾಗುತ್ತಂತೆ. ದೂರು ಕೊಡಿ ಅಂತ ಅಮ್ಮ ಎಷ್ಟು ಬಡ್ಕೊಂಡ್ರೂ ಕೊಡ್ಲಿಲ್ಲ. ಅವನೇ ಬಂದು ಹೇಳ್ಲಿ ಅಂತ ಕಾಯ್ತಿದಾರೆ," ಎಂದಳು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನೀವು ಬರೀತಿದ್ರಾ?" ಎಂದಳು. ಈಗ ಪತ್ರ ತೆಗೆದುಕೊಂಡು ಹೊರಡುತ್ತಿದ್ದಾಳೆ. ಅವಳ ಕಾರಿನ ಹಿಂದೆಯೇ ನಾನೂ ಬರುತ್ತಿದ್ದೇನೆ. ನೀನು ಈ ಸಾಲು ಓದುವ ಹೊತ್ತಿಗೆ ನಿನ್ನ ಗೇಟಿನ ಹೊರಗೆ ನಿಂತಿರುತ್ತೇನೆ.