ಅಂಚಿನಲ್ಲಿ ಉಳಿದ ನೀಲಿ ಶೂ

ಆಗಸ್ಟ್ 14, 1999. ಮಲಾವಿ, ಆಫ್ರಿಕಾ

ಇವತ್ತು ಮೂರನೇ ಪ್ರಾಜೆಕ್ಟ್. ಮೊನ್ನೆ ಕ್ಲಿನಿಕ್, ನಿನ್ನೆ ಹೊಲಿಗೆ ಕೇಂದ್ರ, ಇವತ್ತು ಬೋರ್‌ವೆಲ್ ಪಂಪ್. ನ್ಯೂಜೆರ್ಸಿ ಚರ್ಚಿನಿಂದ ಬಂದ ಒಂಬತ್ತು ಜನರಲ್ಲಿ ಕ್ಯಾಮೆರಾ ನನ್ನ ಪಾಲಿಗೆ — ಫ್ಲಾಪಿ ಹಾಕುವ ಹೊಸ ಡಿಜಿಟಲ್. ಐಟಿಯವಳು ಅಂತ.

ಪಂಪ್ ಕಮಿಟಿ ಅಧ್ಯಕ್ಷೆ ಟಿಯಾಮಿಕೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನೀಲಿ ಕ್ಯಾನ್ವಾಸ್ ಶೂ, ಕೈಯಲ್ಲಿ ಸ್ಪ್ಯಾನರ್. ಎರಡು ವರ್ಷದ ಹಿಂದೆ ನಮ್ಮ ಚರ್ಚ್ ಹಾಕಿಸಿದ ಪಂಪ್ ಎರಡು ಸಲ ಕೆಟ್ಟಿತಂತೆ; ಎರಡು ಸಲವೂ ಇವಳೇ ಬಿಚ್ಚಿ ರಿಪೇರಿ ಮಾಡಿದಳಂತೆ. ಪಂಪ್ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಯಾಕೋ ಸಪ್ಪೆ... ನಮ್ಮ ಆಫೀಸಿನ ಮೇಂಟೆನೆನ್ಸ್‌ನವರ ಥರ. ಹಳೇ ಕೆಸರು ಹೊಂಡದ ಹತ್ತಿರ ಕರೆದುಕೊಂಡು ಹೋದೆ. ಯಾರದೋ ಮಡಕೆ ತಲೆ ಮೇಲೆ ಇಡಿಸಿದೆ. "ಶೂ ಬಿಚ್ತೀರಾ, ಪ್ಲೀಸ್?" ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಬಿಚ್ಚಿದಳು. ನಗಬೇಡಿ ಅಂತಲೂ ಹೇಳಿದೆ. ಫ್ಲಾಪಿ ತುಂಬಿತ್ತು, ಪಂಪಿನ ಫೋಟೋ ಡಿಲೀಟ್ ಮಾಡಿ ಇದನ್ನು ತೆಗೆದೆ. ಒಳ್ಳೇ ಶಾಟ್.

ಅಕ್ಟೋಬರ್ 3. ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ

ಚರ್ಚಿನಲ್ಲಿ ಸರ್ವಿಸ್ ಆದ ಮೇಲೆ ಸ್ಲೈಡ್ ಶೋ. ಆ ಫೋಟೋಗೆ "ಪಂಪ್ ಬರುವ ಮುಂಚೆ" ಅಂತ ಕ್ಯಾಪ್ಷನ್ — ಹಾಕಿದ್ದು ನಾನೇ. ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು. ಪಾಸ್ಟರ್ ಅದನ್ನೇ ಪೋಸ್ಟರ್ ಮಾಡಿಸಿ ಹಾಲ್‌ನಲ್ಲಿ ಹಾಕಿಸುತ್ತಾರಂತೆ. ಉಬ್ಬಿಹೋದೆ.

ಕಾರಿನಲ್ಲಿ ಜಯ್, "ಅವಳು ಕಮಿಟಿ ಪ್ರೆಸಿಡೆಂಟ್ ಅಂದಿದ್ಯಲ್ಲೇ?" ಅಂದ. "Y2K ಟೆಸ್ಟಿಂಗ್ ಇದೆ, ತಲೆ ತಿನ್ನಬೇಡ" ಅಂದೆ. ಗಂಡನ ಬಾಯಿ ಮುಚ್ಚಿಸುವುದು ಸುಲಭ.

ಡಿಸೆಂಬರ್ 25

ಕಾಲಿಂಗ್ ಕಾರ್ಡ್ ಹಾಕಿ ಗದಗಕ್ಕೆ ಫೋನ್. ಅವ್ವ: "ಈ ವರ್ಷಾನೂ ಹುಡುಗ್ರಿಗೆ ಮುತ್ತಜ್ಜಿ ಫೋಟೋ ತೋರಿಸೇನಿ. ನಿನ್ನ ಮಗಳಿಗೂ ಹೇಳವಾ, ಮರೀಬ್ಯಾಡ."

ಚನ್ನಬಸಮ್ಮ ಮುತ್ತಜ್ಜಿ. ನೂರು ವರ್ಷದ ಹಿಂದಿನ ಬರಗಾಲದಲ್ಲಿ ಏಳು ವರ್ಷದ ಹುಡುಗಿ. ಪರದೇಶದ ಯಾವುದೋ ಮಿಶನ್ ಪತ್ರಿಕೆಯಲ್ಲಿ ಅಚ್ಚಾದ ಚಿತ್ರ. ಕೆಳಗೆ 'ತಂದೆತಾಯಿ ಇಲ್ಲದ ಮಗು'. ತಾಯಿ ಪಕ್ಕದಲ್ಲೇ ಇದ್ದಳು. ಫೋಟೋ ತೆಗೆಯುವವನು ಅವಳಿಗೆ ಆಚೆ ಸರಿ ಅಂದನಂತೆ. ಚಿತ್ರದ ಅಂಚಿನಲ್ಲಿ ಅವಳ ಸೆರಗು ಒಂದು ಬೆರಳಿನಷ್ಟು ಉಳಿದಿದೆ. ಪ್ರತಿ ಕ್ರಿಸ್ಮಸ್‌ಗೂ ನಮ್ಮನೆಯಲ್ಲಿ ಅದರ ಮೇಲೆ ಬೆರಳಿಟ್ಟು ಹೇಳುವುದು — "ಆಕಿ ಅನಾಥಿ ಅಲ್ಲ. ಇಲ್ನೋಡು, ಆಕಿ ಅವ್ವ." ನಾಲ್ಕು ತಲೆಮಾರಿನ ಸಿಟ್ಟು. ಸಣ್ಣವಳಿದ್ದಾಗ ಆ ಫೋಟೋ ತೆಗೆದವನಿಗೆ ನಾನೂ ಶಾಪ ಹಾಕಿದ್ದೆ.

ಫೋನಿಟ್ಟು ಫ್ಲಾಪಿ ತೆಗೆದು ನೋಡಿದೆ. ಕೆಸರು ಹೊಂಡದ ಫೋಟೋದ ಎಡ ಮೂಲೆಯಲ್ಲಿ ನೀಲಿ ಶೂವಿನ ತುದಿ.

ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ 30, 2000

ಟಿಯಾಮಿಕೆ ಬರುತ್ತಿದ್ದಾಳೆ! ಚರ್ಚ್ ಕರೆಸುತ್ತಿದೆ. ಇಳಿದುಕೊಳ್ಳುವುದು ನಮ್ಮನೆಯಲ್ಲಿ, ಮೇ 21ರ ಭಾನುವಾರ ಚರ್ಚಿನಲ್ಲಿ ಅವಳನ್ನು ಪರಿಚಯ ಮಾಡಿಕೊಡುವುದು ನಾನು. ಪೋಸ್ಟರ್ ಇನ್ನೂ ಹಾಲ್‌ನಲ್ಲೇ ಇದೆ. ಅವಳು ನೋಡುವ ಮುಂಚೆ ಪಾಸ್ಟರ್‌ಗೆ ನಿಜ ಹೇಳಿ ತೆಗೆಸಬೇಕು. ನಾಳೆಯೇ.

ಮೇ 11

ಹೇಳಲಿಲ್ಲ. ಇವತ್ತು ಪಾಸ್ಟರೇ ಫೋನ್ ಮಾಡಿದ್ದರು. ಏರ್‌ಪೋರ್ಟ್ ಪಿಕಪ್ ಬಗ್ಗೆ ಮಾತಾಡಿ ಇಟ್ಟೆ. ಹೇಡಿ.

ಮೇ 20, ಶನಿವಾರ

JFKಯಿಂದ ಕರೆದುಕೊಂಡು ಬಂದೆವು. ಅವೇ ನೀಲಿ ಶೂ, ತೊಳೆದು ಒಣಗಿಸಿದ್ದು. ಬಾಗಿಲಲ್ಲಿ ಜಯ್, ಬಂದವರಿಗೆಲ್ಲ ಹೇಳುವ ಹಾಗೆ, "ಶೂ ಇಲ್ಲೇ ಬಿಟ್ಬಿಡಿ" ಅಂದ. ಟಿಯಾಮಿಕೆ ನಿಂತಳು. ನನ್ನ ಕಡೆ ತಿರುಗಿ ಕೇಳಿದಳು: "ಇಲ್ಲೂ ಫೋಟೋ ತೆಗೀತೀರಾ?"

ಜೋಕ್ ಅಂದುಕೊಂಡು ಜಯ್ ನಕ್ಕ. ನೆಲ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಮನೆಯ ಪದ್ಧತಿ, ನಾವೂ ಬಿಡ್ತೀವಿ ಅಂತ ತೊದಲಿದೆ. ನನ್ನ ಕಾಲು ತೋರಿಸಿದೆ! ಅವಳು ಶೂ ಬಿಚ್ಚಿಟ್ಟಳು.

ಊಟ ಮಾಡುತ್ತಾ ಕೇಳಿದಳು — "ಪಂಪ್ ಪಕ್ಕ ತೆಗೆದದ್ದು ಒಂದಿತ್ತಲ್ಲ, ಸ್ಪ್ಯಾನರ್ ಹಿಡಿದದ್ದು? ಅದರ ಕಾಪಿ ಕೊಡಿ. ಮಗಳು ಕೇಳಿದ್ದಾಳೆ."

ಹುಡುಕ್ತೀನಿ ಅಂದೆ. ಇಲ್ಲದ್ದನ್ನು ಹುಡುಕ್ತೀನಿ ಅಂದೆ.

ಮೇ 21, ಬೆಳಿಗ್ಗೆ 8.40

ಪೋಸ್ಟರ್ ಅಲ್ಲೇ ಇದೆ. ಇನ್ನೊಂದು ಗಂಟೆಯಲ್ಲಿ ನೋಡುತ್ತಾಳೆ. ಪರಿಚಯದ ಚೀಟಿ ಮೂರು ಸಲ ಬರೆದೆ, ಹರಿದೆ. ಮೂರರಲ್ಲೂ ಜಾಣತನ — "ಸಣ್ಣ ತಪ್ಪು ಗ್ರಹಿಕೆ" ಅಂತೆ!

ಬಾಗಿಲ ಹತ್ತಿರ ಕೂತು ಲೇಸ್ ಕಟ್ಟಿಕೊಳ್ಳುತ್ತಿದ್ದಾಳೆ. ಕಾಣುತ್ತಿದೆ ಇಲ್ಲಿಂದ. ಜಯ್ ಕಾರ್ ಸ್ಟಾರ್ಟ್ ಮಾಡಿದ.

ಚೀಟಿ ಬೇಡ. ಮೊದಲ ಮಾತು ಇಷ್ಟೇ — ಇವರ ಕಾಲಲ್ಲಿ ಶೂ ಇತ್ತು, ಬಿಚ್ಚಿಸಿದ್ದು ನಾನು.