ಮುತ್ತಜ್ಜನ ಕಪಾಟು ಮನೆಗೆ ಬಂತು

ರೆಟ್ವಿಕ್,
ಸೋಮವಾರ, ಜುಲೈ ೧೦

ಪ್ರೀತಿಯ ಎಲಿಸ್,

ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಕಾಲಿನ ಊತ ಇಳಿಯಿತೇ? ಆಸ್ಪತ್ರೆಯ ಊಟಕ್ಕೆ ಮುಖ ಸಿಂಡರಿಸಬೇಡ. ಮೀನು ಕೊಟ್ಟರೆ ಮೀನು, ಗಂಜಿ ಕೊಟ್ಟರೆ ಗಂಜಿ ತಿನ್ನು. ಹೃದಯದ ಆಪರೇಷನ್ನಿಗೆ ನೀನು ಇನ್ನೂ ಒಪ್ಪಿಲ್ಲವೆಂದು ಫಾಲುನ್‌ನಿಂದ ನರ್ಸಮ್ಮ ಫೋನು ಮಾಡಿದ್ದಳು. 'ಈ ವಯಸ್ಸಲ್ಲಿ ಇನ್ಯಾಕೆ ರಿಪೇರಿ' ಅಂದೆಯಂತೆ. ಅದರ ಮಾತು ಆಮೇಲೆ. ಮೊದಲು ಹರಾಜಿನ ಸುದ್ದಿ.

ನಿನ್ನ ಮುತ್ತಜ್ಜ ಚಿತ್ರ ಬರೆದ ಕಪಾಟು ಕೊನೆಗೂ ಶನಿವಾರ ಗುನ್ವೋರಳ ಅಂಗಳದಲ್ಲಿ ಹರಾಜಿಗೆ ಬಂತು. ಹಬ್ಬ, ಹರಾಜು ಎಂದು ನೀನು ಊರೂರು ಅಲೆದು ಮರದ ಕುದುರೆ, ಬಣ್ಣದ ಪೆಟ್ಟಿಗೆ ಹೊತ್ತು ತಂದಾಗಲೆಲ್ಲ ರೇಗುತ್ತಿದ್ದ ನಾನು, ನಿನ್ನ ಬದಲಿಗೆ ಹೋಗಿ ಮುಂದಿನ ಬೆಂಚಿನಲ್ಲೇ ಕುಳಿತೆ. ಬಾಗಿಲ ಮೇಲೆ ಬೈಬಲಿನ ಯೋನ, ಅವನನ್ನು ನುಂಗುವ ತಿಮಿಂಗಿಲ. ಸಮುದ್ರವನ್ನೇ ಕಾಣದ ಪುಣ್ಯಾತ್ಮ ನಮ್ಮ ಸರೋವರದ ಮೀನನ್ನೇ ದಪ್ಪ ಮಾಡಿ ಬರೆದಿದ್ದಾನೆ. ಯೋನನ ತಲೆಯ ಮೇಲೆ ನಮ್ಮೂರ ಗಂಡಸರು ಚರ್ಚಿಗೆ ಹಾಕುತ್ತಿದ್ದ ಹ್ಯಾಟು! ನಗು ಬಂತು, ಹಿಂದೆಯೇ ಅಳುವೂ ಬಂತು.

ಹಲ್ವಾರ್ ಸುತ್ತಿಗೆ ಹಿಡಿದು ಸವಾಲು ಶುರುಮಾಡಿದ. ನಾನು ಐನೂರು ಕ್ರೋನ ಎಂದೆ. ಇಡೀ ಅಂಗಳ ಗಪ್‌ಚಿಪ್. ಅಷ್ಟು ಹೊತ್ತು ಮುರುಕು ಕುರ್ಚಿಗೂ ಪೈಪೋಟಿಗೆ ಬಿದ್ದವರು ಜೇಬಿನಲ್ಲಿ ಕೈಯಿಟ್ಟು ಆಕಾಶ ನೋಡುತ್ತಿದ್ದರು. ಮುತ್ತಜ್ಜನ ಕೆಲಸಕ್ಕೆ ಇವರ ಕಣ್ಣಲ್ಲಿ ಇಷ್ಟೇ ಬೆಲೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಎಂಟುನೂರು ಎಂದೆ. ಆಗಲೂ ಯಾರೂ ತುಟಿ ಬಿಚ್ಚಲಿಲ್ಲ. ಸಾವಿರ ಎಂದು ಎದ್ದೇ ನಿಂತೆ. "ಸಿಗ್ನೆ, ಸುಮ್ನೆ ಕೂತ್ಕೊಳಮ್ಮ," ಎಂದ ಹಲ್ವಾರ್. "ನಿನ್ ಮೇಲೆ ನೀನೇ ಏರಿಸ್ತಿದ್ದೀಯಲ್ಲ! ಚಿತ್ರ ಬರೆದೋನ ಮನೆತನದವ್ರು ಕೂಗಿದ್ಮೇಲೆ ಊರೋರು ಬಾಯಿ ಬಿಡಲ್ಲ. ನಿನ್ ಗಂಡ ಎಲಿಸ್ ಇಷ್ಟೂ ಹೇಳ್ಕೊಟ್ಟಿಲ್ವಾ?" ಅಂಗಳದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂದಿನ ಬೆಂಚಿನಲ್ಲಿ ಸ್ಟಾಕ್‌ಹೋಮಿನ ವ್ಯಾಪಾರಿಯೊಬ್ಬ ಕೈ ಎತ್ತಲು ಹೋದನಂತೆ. ಬೇಕರಿಯ ಓರ್ಯಾನ್ ಅವನ ಒಂದು ಕೈಗೆ ಕಾಫಿ, ಇನ್ನೊಂದಕ್ಕೆ ಏಲಕ್ಕಿ ಬನ್ನು ತುರುಕಿ, "ಮೊದ್ಲು ತಿನ್ನಿ ಸಾರ್, ಬಿಸಿ ಇದೆ" ಎಂದನಂತೆ. ನಷ್ಟ ಕಪಾಟು ಮಾರುತ್ತಿದ್ದ ಗುನ್ವೋರಳದು. ಆದರೂ ಅವಳೇ "ಐನೂರಕ್ಕೇ ಬಡಿಯೋ ಹಲ್ವಾರ್, ಏನ್ ನೋಡ್ತೀಯ" ಎಂದಳು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಓರ್ಯಾನ್ ಮತ್ತವನ ಅಣ್ಣತಮ್ಮಂದಿರು ಕಪಾಟು ಹೊತ್ತು ತಂದರು. ನೀನು ಯಾವಾಗ ಬರುತ್ತೀಯ ಎಂಬುದೇ ಎಲ್ಲರ ಪ್ರಶ್ನೆ. ಮದುವೆಯಾಗಿ ಬಂದಾಗಿನಿಂದ ಈ ಊರಿನವರಿಗೆ ಬಾಯಿಯೇ ಇಲ್ಲ ಎಂದು ಗೊಣಗುತ್ತಿದ್ದೆ. ಬಾಯಿ ಮುಚ್ಚಿಕೊಂಡೇ ಅವರು ಮಾಡಿದ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಕಾಯಲಿ.

ನಿನ್ನ
ಸಿಗ್ನೆ

ತಾ.ಕ.: ಅಂಚೆಯ ಗಾಡಿ ಗೇಟಿಗೆ ಬಂದೇಬಿಟ್ಟಿತು. ಆಪರೇಷನ್ನಿಗೆ ಒಪ್ಪಿಕೋ, ಎಲಿಸ್. ಭಯವಾದರೆ ಭಯ ಎನ್ನು, ವಯಸ್ಸಿನ ನೆಪ ಹೇಳಬೇಡ. ನನಗೂ ಭಯವಾಗಿದೆ. ಇಷ್ಟು ವರ್ಷ ಈ ಹಳೇ ಸಾಮಾನಿನ ನಡುವೆ ನಾನು ಬಾಳಿದ್ದು ನೀನೂ ಅಲ್ಲಿದ್ದೆ ಎಂದು. ಬರೀ ಸಾಮಾನಿನ ಜೊತೆ ಇರಲು ನನ್ನಿಂದ ಆಗುವುದಿಲ್ಲ.